ದುರ್ಗಿಗುಡಿಯ ಅಕ್ವೇರಿಯಂ ಅಂಗಡಿಯಿಂದ ತಂದ ಕೋರಿ ಮೀನುಗಳು ಮೊಟ್ಟೆ ಇಟ್ಟವು

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋಗಿ ಮೀನು ತರುವುದು ಸುಲಭವಲ್ಲ. ಆದರೂ ದುರ್ಗಿಗುಡಿಯ ಈ ಚಿಕ್ಕ ಅಂಗಡಿಗೆ ಮತ್ತೆ ಮತ್ತೆ ಹೋಗುತ್ತೇನೆ.

ನನಗೆ ಬೇಕಿದ್ದದ್ದು ಬ್ರಾಂಜ್ ಕೋರಿ, ತಳದಲ್ಲೇ ಓಡಾಡುವ ಪುಟ್ಟ ಮೀಸೆ ಮೀನು. ಹಿಂದೆ ಇನ್ನೊಂದು ಕಡೆ ತಂದಿದ್ದವುಗಳ ಮೀಸೆ ಸವೆದುಹೋಗಿತ್ತು, ಒಂದೂ ಉಳಿಯಲಿಲ್ಲ. ಇಲ್ಲಿ ಹಾಗಲ್ಲ. ಎರಡು ಸಾಕು ಅಂದರೆ ಅಂಗಡಿಯವರು ಕೊಡಲೇ ಇಲ್ಲ. "ಗುಂಪಲ್ಲಿ ಇರೋ ಮೀನು ಸರ್, ಆರಾದ್ರೂ ಬೇಕು" ಅಂದರು. ಮೇಲಿನಿಂದ ನೋಡಿ, ಹೊಟ್ಟೆ ಅಗಲ ಇರುವ ಎರಡು ಹೆಣ್ಣು, ಸಣ್ಣಗಿರುವ ನಾಲ್ಕು ಗಂಡು ಆರಿಸಿ ಕೊಟ್ಟರು. ನಾನು ಕೈಯಲ್ಲಿ ಹಿಡಿದಿದ್ದ ಬಣ್ಣದ ಕಲ್ಲಿನ ಪ್ಯಾಕೆಟ್ ವಾಪಸ್ ಇಡಿಸಿ, ನಯವಾದ ಮರಳು ಹಾಕಿ ಅಂದರು, ಚೂಪು ಕಲ್ಲಿನಲ್ಲಿ ಮೂತಿ ತೂರಿಸಿದರೆ ಮೀಸೆಗೇ ಪೆಟ್ಟು. ನೀರಿಗೆ ಹಾಕಲು ಉಪ್ಪು ಕೇಳಿದ್ದಕ್ಕೂ ಬೇಡ ಅಂದರು, ಕೋರಿಗೆ ಅದು ಆಗಿಬರುವುದಿಲ್ಲವಂತೆ. ಮಾರಿದ್ದು ಕಮ್ಮಿ, ಹೇಳಿಕೊಟ್ಟದ್ದು ಜಾಸ್ತಿ.

ಅವರು ಹೇಳಿದ ಮುಖ್ಯ ವಿಷಯ ಮಳೆ. ಇವುಗಳ ಮೂಲ ದಕ್ಷಿಣ ಅಮೆರಿಕ, ಅಲ್ಲಿ ಮಳೆಗಾಲ ಬಂದು ನೀರು ತಣ್ಣಗಾದಾಗ ಮೊಟ್ಟೆ ಇಡುತ್ತವೆ. ನಮ್ಮಲ್ಲಿ ಜೂನ್ ಬಂದರೆ ಬೇರೇನು ಬೇಕು, ಅಲ್ವಾ? ಎರಡು ವಾರ ಬ್ಲಡ್‌ವರ್ಮ್ ಅನ್ನುವ ಕೆಂಪು ಹುಳು ತಿನ್ನಲು ಹಾಕಿ, ಜೋರು ಮಳೆಯ ಒಂದು ರಾತ್ರಿ ಟ್ಯಾಂಕಿನ ಅರ್ಧ ನೀರು ತೆಗೆದು ತಣ್ಣನೆಯ ಬಾವಿ ನೀರು ತುಂಬಿಸಿದೆ. ಬೆಳಿಗ್ಗೆ ನೋಡಿದರೆ ಗಂಡುಗಳು ಹೆಣ್ಣಿನ ಹಿಂದೆ ಬಿದ್ದಿದ್ದವು. ಹೆಣ್ಣು ಹೊಟ್ಟೆಯಡಿಯ ಎರಡು ರೆಕ್ಕೆ ಜೋಡಿಸಿ, ಬೊಗಸೆಯಲ್ಲಿ ಹಿಡಿದಂತೆ ಎರಡು ಮೂರು ಮೊಟ್ಟೆ ಹಿಡಿದುಕೊಂಡು ಬಂದು, ಗಾಜನ್ನು ಬಾಯಲ್ಲಿ ಒರೆಸಿ, ಅಲ್ಲೇ ಒತ್ತಿ ಅಂಟಿಸಿತು. ಸಾಬಕ್ಕಿ ಕಾಳಿನಂತೆ ಕಾಣುತ್ತಿತ್ತು. ಕಾಫಿ ತಣ್ಣಗಾಗುವವರೆಗೂ ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದೆ.

ಮೊಟ್ಟೆಯನ್ನು ದೊಡ್ಡ ಮೀನುಗಳೇ ತಿಂದುಬಿಡುತ್ತವೆ. ಅದಕ್ಕೆ ಬೆರಳಲ್ಲಿ ಮೆಲ್ಲಗೆ ಉರುಳಿಸಿ ಬೇರೆ ಡಬ್ಬಕ್ಕೆ ಹಾಕಿದೆ, ಬೂಷ್ಟು ಹಿಡಿಯದಂತೆ ಮೆಥಿಲೀನ್ ಬ್ಲೂ ಅನ್ನುವ ನೀಲಿ ಔಷಧಿ ಎರಡು ಹನಿ, ಜೊತೆಗೆ ಪಂಪಿನಿಂದ ಗಾಳಿ. ಬೆಳ್ಳಗಾಗಿ ಕೆಟ್ಟ ಮೊಟ್ಟೆಗಳನ್ನು ಆಗಾಗ ತೆಗೆದೆ. ನಾಲ್ಕನೇ ದಿನ ಮರಿ ಬಂದವು.

ಅಂಗಡಿಯ ಬಗ್ಗೆ ಒಂದೇ ಬೇಸರ. ಮರಿಗಳ ಆಹಾರಕ್ಕೆ ಬೇಕಾದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮೊಟ್ಟೆ ನಾನು ಹೋದಾಗಲೆಲ್ಲ ಖಾಲಿ. ಅದರ ಬದಲು ಬೇಯಿಸಿದ ಕೋಳಿಮೊಟ್ಟೆಯ ಹಳದಿ ಕೊಟ್ಟೆ, ನೀರು ಕೆಟ್ಟು ಹತ್ತಾರು ಮರಿ ಸತ್ತವು. ಆ ಬೇಸರ ಈಗಲೂ ಹೋಗಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಇರುವುದೇ ಅಪರೂಪ, ಅಂಗಡಿಯವರು ಕೊಟ್ಟ ಬ್ಯಾಟರಿ ಗಾಳಿ ಪಂಪ್ ಮಾತ್ರ ಕೈಬಿಡಲಿಲ್ಲ.

ಉಳಿದ 23 ಮರಿಗಳು ಈಗ ಮರಳು ಕೆದಕುತ್ತಿವೆ. ಫೋನ್ ಮಾಡಿ ಹೇಳಿದರೆ ಅವರಿಗೆ ನನಗಿಂತ ಖುಷಿ. ಹತ್ತು ಮರಿ ತಂದುಕೊಡಿ, ಆರ್ಟೀಮಿಯಾ ಡಬ್ಬಿ ತರಿಸಿ ಎತ್ತಿಟ್ಟಿರುತ್ತೇನೆ ಅಂದಿದ್ದಾರೆ.