ಶಾವೋಲಿನ್ ಶಾಲೆಯೋ, ಚೆನ್‌ಜಿಯಾಗೌ ಅಂಗಳವೋ: ಹೆನಾನ್‌ನ ಎರಡು ಕುಂಗ್ ಫೂ ಶಿಬಿರಗಳ ಹೋಲಿಕೆ

ರಜೆ ಹಾಕಿ ಚೀನಾಕ್ಕೇ ಹೋಗಿ ಕುಂಗ್ ಫೂ ಕಲಿಯಬೇಕೆನ್ನುವ ನಡುವಯಸ್ಸಿನವರಿಗೆ ಹೆನಾನ್ ಪ್ರಾಂತ್ಯವೊಂದರಲ್ಲೇ ಎರಡು ದಾರಿಗಳಿವೆ. ಹಳದಿ ನದಿಯ ದಕ್ಷಿಣಕ್ಕೆ, ಸೋಂಗ್‌ಶಾನ್ ಬೆಟ್ಟದ ಬುಡದ ಡೆಂಗ್‌ಫೆಂಗ್ ನಗರದಲ್ಲಿ, ಕ್ರಿ.ಶ. 495ರಲ್ಲಿ ಸ್ಥಾಪನೆಯಾದ ಶಾವೋಲಿನ್ ವಿಹಾರದ ಪರಂಪರೆಯನ್ನು ಹೇಳಿಕೊಳ್ಳುವ ಶಾಲೆಗಳಿವೆ. ನದಿಯ ಉತ್ತರಕ್ಕೆ, ವೆನ್ ಕೌಂಟಿಯ ಚೆನ್‌ಜಿಯಾಗೌ ಎಂಬ ಹಳ್ಳಿಯಲ್ಲಿ, 17ನೆಯ ಶತಮಾನದ ಚೆನ್ ವಾಂಗ್‌ಟಿಂಗ್ ರೂಪಿಸಿದನೆನ್ನಲಾದ ಚೆನ್ ಮನೆತನದ ತಾಯ್ ಚಿ ಎಂಬ ಯುದ್ಧಕಲೆ ಇದೆ. ಎರಡೂ ಕಡೆ ತಂಗಿ ಅಭ್ಯಾಸ ಮಾಡಿದ ಮೇಲೆ, ನಲವತ್ತು ದಾಟಿದವರು ಚೆನ್‌ಜಿಯಾಗೌ ಕಡೆಗೇ ಮೊದಲು ಹೋಗುವುದು ಒಳ್ಳೆಯದೆಂದು ನನಗನ್ನಿಸಿದೆ. ತಾಯ್ ಚಿ ಸುಲಭವೆಂಬ ಕಾರಣಕ್ಕಲ್ಲ. ಅದು ಸುಲಭವೂ ಅಲ್ಲ.

ಡೆಂಗ್‌ಫೆಂಗ್‌ಗೆ ಹೋಗುವವರು ಮೊದಲು ತಿಳಿದಿರಬೇಕಾದದ್ದೆಂದರೆ, ಹೊರಗಿನವರ ತರಬೇತಿ ಬಹುಪಾಲು ನಡೆಯುವುದು ವಿಹಾರದೊಳಗಲ್ಲ, ಸುತ್ತಲಿನ ಖಾಸಗಿ ಶಾಲೆಗಳಲ್ಲಿ. ಈ ಶಾಲೆಗಳಲ್ಲಿ ಕಲಿಯುತ್ತಿರುವ ಚೀನೀ ಮಕ್ಕಳ ಸಂಖ್ಯೆ ಹತ್ತಾರು ಸಾವಿರ. ಇಡೀ ಕ್ರಮ ರೂಪುಗೊಂಡಿರುವುದು ಅವರ ದೇಹಕ್ಕಾಗಿ, ಅವರು ಕಳೆಯಲಿರುವ ವರ್ಷಗಳಿಗಾಗಿ. ಬೆಳಕು ಹರಿಯುವ ಮುನ್ನ ಓಟ, ಅನಂತರ ಸೊಂಟ ಮತ್ತು ಕಾಲುಗಳನ್ನು ಎಳೆದು ಸಡಿಲಿಸುವ ಕಸರತ್ತು, ನೇರ ಒದೆತಗಳು, ತೊಡೆ ನೆಲಕ್ಕೆ ಸಮಾನಾಂತರವಾಗುವಷ್ಟು ಬಗ್ಗಿ ನಿಲ್ಲುವ ಕುದುರೆ ನಿಲುವು, ಮುಂಗಾಲು ಬಾಗಿಸಿ ಹಿಂಗಾಲು ಚಾಚುವ ಬಿಲ್ಲು ನಿಲುವು. ಈ ನಿಲುವುಗಳನ್ನೇ ಪೋಣಿಸಿದ ವೂಬುಚ್ವಾನ್ ಎಂಬ ಪುಟ್ಟ ವರಸೆ ಕೈವಶವಾದರೆ ಶಿಯಾವ್‌ಹೊಂಗ್‌ಚ್ವಾನ್ ಎಂಬ ಮುಂದಿನ ವರಸೆಗೆ ದಾಟಬಹುದು. ಶಾವೋಲಿನ್ ವರಸೆಗಳು ಒಂದೇ ನೇರ ಗೆರೆಯ ಮೇಲೆ ಮುಂದಕ್ಕೂ ಹಿಂದಕ್ಕೂ ಸಾಗುತ್ತವೆ. ಎತ್ತು ಮಲಗುವಷ್ಟು ಜಾಗ ಸಾಕೆಂಬುದು ಅಲ್ಲಿಯ ನಾಣ್ನುಡಿ.

ಕಲಿಸುವವರು ಸಾಮಾನ್ಯವಾಗಿ ಅಲ್ಲೇ ಬೆಳೆದ ಇಪ್ಪತ್ತರ ಆಸುಪಾಸಿನ ಹುಡುಗರು. ಅವರು ಮಾಡಿ ತೋರಿಸುತ್ತಾರೆ, ಸಾಲಿನಲ್ಲಿ ನಿಂತವರು ಮಾಡುತ್ತಾರೆ, ಸರಿಬರದಿದ್ದರೆ ಮತ್ತೆ ಮಾಡಿಸುತ್ತಾರೆ. ಏಕೆ ಹೀಗೆ ಎಂಬ ಪ್ರಶ್ನೆಗೆ ಅಲ್ಲಿ ಪುರುಸೊತ್ತು ಕಡಿಮೆ. ಗರಡಿಯಲ್ಲಿ ದಂಡ, ಬಸ್ಕಿ ಹೊಡೆದು ಪಳಗಿದವರಿಗೆ ಈ ಶಿಸ್ತು ಹೊಸದೆನಿಸದು. ಆದರೆ ಮೇಜಿನ ಮುಂದೆ ಕುಳಿತೇ ವರ್ಷಗಳನ್ನು ಕಳೆದ ದೇಹವು ಮೊದಲ ವಾರವಿಡೀ ನೋವನ್ನು ಸಂಭಾಳಿಸುವುದರಲ್ಲೇ ಇರುತ್ತದೆ, ಕಲಿಕೆ ಆರಂಭವಾಗುವ ಹೊತ್ತಿಗೆ ಶಿಬಿರ ಮುಗಿಯುತ್ತ ಬಂದಿರುತ್ತದೆ.

ಚೆನ್‌ಜಿಯಾಗೌನಲ್ಲಿ ನೋವು ಬೇರೆಡೆಯಿಂದ ಬರುತ್ತದೆ. ಕೀಲುಗಳನ್ನು ಸಡಿಲಿಸಿದ ಮೇಲೆ, ಮರವನ್ನು ತಬ್ಬಿದಂತೆ ತೋಳುಗಳನ್ನು ಹಿಡಿದು ಅಲುಗದೆ ನಿಲ್ಲುವ ಝಾನ್‌ಝುವಾಂಗ್, ಅದಾದ ಮೇಲೆ ಸೊಂಟದಿಂದ ಹುಟ್ಟಿದ ತಿರುವನ್ನು ಬೆರಳ ತುದಿಯವರೆಗೆ ಒಯ್ಯುವ ಚಾನ್‌ಸಿ ಅಭ್ಯಾಸ, ಆಮೇಲೆ ಸುಮಾರು 75 ಚಲನೆಗಳ ಲಾವ್‌ಜಿಯಾ ಮೊದಲ ವರಸೆ. ಇಷ್ಟನ್ನು ವಿಡಿಯೊ ನೋಡಿಯೂ ಅನುಕರಿಸಬಹುದು. ಅಲ್ಲಿಗೇ ಹೋಗಿ ಪಡೆಯಬೇಕಾದದ್ದು ಗುರುವಿನ ಕೈ. ನೀವು ಒಂದು ಭಂಗಿಯಲ್ಲಿ ನಿಂತಿರುವಾಗ ಶಿಫು ಹತ್ತಿರ ಬಂದು, ಒಂದು ಅಂಗೈಯನ್ನು ನಡುಬೆನ್ನಿನ ಕೆಳಗೆ, ಇನ್ನೊಂದನ್ನು ಎದೆಯ ಮೇಲಿಟ್ಟು, ಸೊಂಟವನ್ನು ಬೆರಳೆರಡರಷ್ಟು ಕೆಳಗಿಳಿಸಿ, ಮೊಣಕಾಲನ್ನು ಪಾದದ ದಿಕ್ಕಿಗೆ ತಿರುಗಿಸಿ, ಹಾಗೆಯೇ ಬಿಟ್ಟು ಮುಂದಿನವರತ್ತ ಹೋಗುತ್ತಾರೆ. ಅಷ್ಟು ಹೊತ್ತು ಆರಾಮವಾಗಿದ್ದ ಭಂಗಿಯಲ್ಲಿ ತೊಡೆಗಳು ಕ್ಷಣಾರ್ಧದಲ್ಲಿ ನಡುಗತೊಡಗುತ್ತವೆ, ಭುಜದ ಬಿಗಿ ಮಾತ್ರ ತಾನಾಗಿಯೇ ಬಿಟ್ಟಿರುತ್ತದೆ. ಅಲ್ಪಾವಧಿಯ ಶಿಬಿರವೊಂದು ಕೊಡಬಹುದಾದದ್ದು ಶಕ್ತಿಯಲ್ಲ, ತಿದ್ದುಪಡಿ. ಶಕ್ತಿಯನ್ನು ಊರಿಗೆ ಮರಳಿ ನಾವೇ ಬೆಳೆಸಿಕೊಳ್ಳಬೇಕು. ನನ್ನ ಒಲವಿಗೆ ಮುಖ್ಯ ಕಾರಣ ಇದೇ.

ಚೆನ್ ಶೈಲಿಯು ಉದ್ಯಾನಗಳಲ್ಲಿ ಕಾಣುವ ನಿಧಾನಗತಿಯ ತಾಯ್ ಚಿಯಷ್ಟೇ ಎಂದುಕೊಂಡವರು ಎರಡನೆಯ ವರಸೆಯಾದ ಪಾವ್‌ಚ್ವೇಯನ್ನು ನೋಡಬೇಕು: ಅದರಲ್ಲಿ ಜಿಗಿತ, ನೆಲಗುದ್ದು, ಸಿಡಿಯುವ ಮುಷ್ಟಿ ಎಲ್ಲವೂ ಇವೆ. ಹೊಸಬರಿಗೆ ಅದನ್ನು ಕಲಿಸುವುದಿಲ್ಲ, ಕಲಿಸಬಾರದು ಕೂಡ. ಜೊತೆಗಾರನೊಡನೆ ಮಾಡುವ ಅಭ್ಯಾಸದಲ್ಲಿಯೂ ಅಂತರವಿದೆ. ಡೆಂಗ್‌ಫೆಂಗ್‌ನ ಶಾಲೆಗಳಲ್ಲಿ ಕಾಳಗ ಬೇಕೆಂದರೆ ಕೈಗವಸು ತೊಟ್ಟು ಆಡುವ ಸಾಂಡಾ ಇದೆ, ಆದರೆ ಬೆಳಿಗ್ಗೆ ಕಲಿತ ವರಸೆಗೂ ಸಂಜೆಯ ಸಾಂಡಾಕ್ಕೂ ಸಂಬಂಧವನ್ನು ಹುಡುಕಬೇಕಾಗುತ್ತದೆ. ಚೆನ್‌ಜಿಯಾಗೌನ ತುಯ್‌ಶೌನಲ್ಲಿ, ಅಂದರೆ ಎದುರಾಳಿಯ ಮುಂಗೈಗೆ ಮುಂಗೈ ತಾಗಿಸಿ ಅವನ ಸಮತೋಲನವನ್ನು ಕೆಡಿಸುವ ಆಟದಲ್ಲಿ, ವರಸೆಯಲ್ಲಿ ತಿದ್ದಿಸಿಕೊಂಡ ಸೊಂಟ ನಿಜಕ್ಕೂ ಇಳಿದಿದೆಯೇ ಎಂಬುದು ಕೂಡಲೇ ಬಯಲಾಗುತ್ತದೆ.

ಊಟ, ವಸತಿಗಳಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ. ಸಸ್ಯಾಹಾರಿಗಳು ಎರಡೂ ಕಡೆ ಮೊದಲೇ ತಿಳಿಸಿರಬೇಕು. ನೋಡುವುದಕ್ಕೆ ಡೆಂಗ್‌ಫೆಂಗ್ ಎಷ್ಟೋ ಮೇಲು. ವಿಹಾರದ ಬಹುಭಾಗ 1928ರ ಬೆಂಕಿಯಲ್ಲಿ ಸುಟ್ಟುಹೋದರೂ ಸಾವಿರ ಬುದ್ಧರ ಮಂದಿರ ಉಳಿದಿದೆ, ಭಿಕ್ಷುಗಳ ಅಭ್ಯಾಸದಿಂದ ಬಿದ್ದವೆನ್ನುವ ಕುಳಿಗಳು ಅದರ ನೆಲದಲ್ಲಿವೆ. ದಕ್ಷಿಣ ಭಾರತದಿಂದ ಬಂದನೆಂದು ಹೇಳುವ ಬೋಧಿಧರ್ಮನ ಗುಹೆಯೂ ಬೆಟ್ಟದ ಮೇಲಿದೆ. ಅವನೇ ಅಲ್ಲಿಗೆ ಯುದ್ಧಕಲೆಯನ್ನು ತಂದನೆಂಬ ಕಥೆ ನಮ್ಮವರಿಗೆ ಬಹಳ ಪ್ರಿಯ, ಆದರೆ ವಿದ್ವಾಂಸರು ಅದನ್ನು ಬಹಳ ಈಚಿನ ಕಲ್ಪನೆಯೆಂದೇ ಪರಿಗಣಿಸುತ್ತಾರೆ.

ಮೂವತ್ತರೊಳಗಿನವರಾಗಿದ್ದು, ಮೊಣಕಾಲು ಗಟ್ಟಿಯಾಗಿದ್ದು, ಕನಿಷ್ಠ ಮೂರು ತಿಂಗಳಾದರೂ ಇರಬಲ್ಲವರು ನನ್ನ ಒಲವನ್ನು ಬದಿಗಿಟ್ಟು ಡೆಂಗ್‌ಫೆಂಗ್‌ಗೇ ಹೋಗಲಿ. ಅಷ್ಟು ಕಾಲ ಸಿಕ್ಕರೆ ಆ ಕಠಿಣ ಕ್ರಮ ದೇಹವನ್ನು ನಿಜವಾಗಿಯೂ ಬದಲಿಸುತ್ತದೆ. ಎಲ್ಲಿಗೆ ಹೋದರೂ ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್ ಸೂಕ್ತ. ಜುಲೈನ ಸೆಕೆಯಲ್ಲಿ ಬಯಲಿನ ಅಭ್ಯಾಸ ದುಸ್ತರ, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ. ಅಕ್ಟೋಬರ್ ಮೊದಲ ವಾರ ಚೀನಾದ ರಾಷ್ಟ್ರೀಯ ರಜೆಯಾದ್ದರಿಂದ ರೈಲಿನ ಟಿಕೆಟ್ ಸಿಗುವುದೇ ಕಷ್ಟ.