ಪೇಟಿ ಮಾಸ್ತರ ಇಲ್ಲದ ಸಂಗೀತ ನಾಟಕ: ಬೀದರಿನವರೇ, ಟಿಕೆಟ್ ಕೊಳ್ಳುವ ಮುನ್ನ ಓದಿ

ನಿನ್ನೆ ಬೀದರಿನಿಂದ ಗೆಳತಿಯೊಬ್ಬಳು ಒಂದು ಪೋಸ್ಟರಿನ ಫೋಟೊ ಕಳಿಸಿ, "ಮಕ್ಕಳನ್ನು ಕರೆದುಕೊಂಡು ಹೋಗಬಹುದೇನೇ?" ಎಂದು ಕೇಳಿದಳು. ನೋಡಿದ ಕೂಡಲೇ ಹೊಟ್ಟೆಯಲ್ಲಿ ಸಂಕಟವಾಯಿತು. ಅದೇ ಸಿಂಹದ ಮುಖ, ಅದೇ ಕೇಸರಿ ಬಣ್ಣದ ಆಕಾಶ, ಅದೇ ‘ಬ್ರಾಡ್‌ವೇ ಮಾದರಿಯ ಲೈವ್ ಸಂಗೀತ ನಾಟಕ’ ಎಂಬ ದಪ್ಪ ಅಕ್ಷರ. ಕಲಬುರಗಿ ಎಂದಿದ್ದ ಕಡೆ ಬೀದರ್ ಎಂಬ ಚೀಟಿ ಅಂಟಿಸಿದ್ದಾರೆ, ಅಷ್ಟೇ. ಮೂರು ವಾರದ ಹಿಂದೆ ಮನೆಯವರನ್ನೆಲ್ಲ ಕಟ್ಟಿಕೊಂಡು ಹೋಗಿ ನಾನು ನೋಡಿ ಬಂದದ್ದು ಇದೇ ‘ದ ಲಯನ್ ಕಿಂಗ್’ ನಾಟಕವನ್ನು. ಅವಳಿಗೆ ಬರೆಯಹೊರಟ ಉತ್ತರ ಉದ್ದವಾಯಿತು. ಬೀದರ್, ಯಾದಗಿರಿ ಕಡೆಯ ಬೇರೆಯವರಿಗೂ ತಲುಪಲಿ ಎಂದು ಇಲ್ಲೇ ಪೂರ್ತಿಯಾಗಿ ಹೇಳುತ್ತೇನೆ.

‘ದ ಲಯನ್ ಕಿಂಗ್’ ಕಾರ್ಟೂನ್ ಚಿತ್ರ ಬಂದದ್ದು 1994ರಲ್ಲಿ. ನಾನು ಅದನ್ನು ನೋಡಿದ್ದು ಏಳೆಂಟು ವರ್ಷ ತಡವಾಗಿ, ಶಹಾಬಾದಿನ ಸೋದರಮಾವನ ಮನೆಯಲ್ಲಿ, ಬಾಡಿಗೆಗೆ ತಂದ ಸಿಡಿಯಲ್ಲಿ. ಇಡೀ ಸಿನಿಮಾಕ್ಕೆ ಎರಡು ಸಿಡಿ. ಮೊದಲನೆಯದು ಮುಗಿಯುವುದರೊಳಗೆ ಸಿಂಹಗಳ ರಾಜ ಮುಫಾಸಾ ಸತ್ತುಹೋಗುತ್ತಿದ್ದ. ಎರಡನೆಯದನ್ನು ಹಾಕಲು ಮಾವ ಏಳುವಾಗ ನಾವು ಐದು ಮಕ್ಕಳು ಚಾಪೆಯ ಮೇಲೆ ಮೂಗು ಒರೆಸಿಕೊಳ್ಳುತ್ತಾ ಕೂತಿರುತ್ತಿದ್ದೆವು. ಇಂಗ್ಲಿಷ್ ಮಾತು ಒಂದೂ ತಿಳಿಯುತ್ತಿರಲಿಲ್ಲ. ಹಾಡುಗಳೆಲ್ಲ ಬಾಯಿಪಾಠವಾಗಿದ್ದವು. ಆ ಬೇಸಿಗೆ ರಜೆಯಲ್ಲಿ ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ. ನನ್ನ ಮಗಳಿಗೆ ಈಗ ಏಳು ವರ್ಷ, ಅವಳೂ ಅದನ್ನು ಹಾಗೆಯೇ ನೋಡುತ್ತಾಳೆ.

ಪೋಸ್ಟರಿಗೆ ನಾನು ಮರುಳಾದದ್ದಕ್ಕೆ ಇನ್ನೊಂದು ಕಾರಣವಿದೆ. ಈ ಚಿತ್ರಕ್ಕೆ ನಿಜವಾದ ರಂಗರೂಪವೊಂದು ಇದೆ, ಅದರ ತುಣುಕುಗಳನ್ನು ಮೊಬೈಲಿನಲ್ಲಿ ಕಣ್ತುಂಬ ನೋಡಿದ್ದೆ. ದೊಡ್ಡ ನಾಟಕಮಂದಿರಗಳಿಗೆ ಹೆಸರಾದ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 1997ರ ನವೆಂಬರಿನಲ್ಲಿ ಶುರುವಾದ ನಾಟಕ ಅದು. ನಿರ್ದೇಶಕಿ ಜೂಲಿ ಟೇಮರ್. ಮರುವರ್ಷ ಅಲ್ಲಿನ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಆರು ಬಂದವು. ಸಂಗೀತ ನಾಟಕದ ನಿರ್ದೇಶನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು ಆಕೆಯೇ. ಅಲ್ಲಿ ಸಿಂಹದ ಮುಖವಾಡ ನಟನ ಮುಖವನ್ನು ಮುಚ್ಚುವುದಿಲ್ಲ, ತಲೆಯ ಮೇಲೆ ಕಿರೀಟದಂತೆ ಕೂತಿರುತ್ತದೆ. ಕೆಳಗೆ ನಟನ ಕಣ್ಣು, ಬಾಯಿ, ಬೆವರು ಎಲ್ಲ ಕಾಣುತ್ತದೆ. ಜಿರಾಫೆಯಾದವನು ಕೈಗೂ ಕಾಲಿಗೂ ಮರಗಾಲು ಕಟ್ಟಿಕೊಂಡು ನಡೆಯುತ್ತಾನೆ. ಮನುಷ್ಯ ಎಂಬುದು ಗೊತ್ತಿದ್ದೂ ನಾವು ಪ್ರಾಣಿಯನ್ನೇ ಕಾಣುತ್ತೇವೆ. ನಮಗೆ ಇದು ಹೊಸದೂ ಅಲ್ಲ. ಚಿಕ್ಕಂದಿನಲ್ಲಿ ನಮ್ಮ ಓಣಿಗೆ ಹಗಲುವೇಷದವರು ಬರುತ್ತಿದ್ದರು. ಹನುಮಂತನ ಬಾಲಕ್ಕೆ ಸುತ್ತಿದ ಬಟ್ಟೆ ಕಾಣುತ್ತಿತ್ತು, ಬೆನ್ನ ಹಿಂದೆ ಒಬ್ಬ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಾ ನಿಂತಿರುತ್ತಿದ್ದ, ಆದರೂ ಹನುಮಂತ ಹನುಮಂತನೇ. ಆ ಬಗೆಯ ಸಂಜೆಯೊಂದು ಮಗಳಿಗೆ ಸಿಗುತ್ತದೆ ಎಂದುಕೊಂಡೆ. ಪೋಸ್ಟರಿನಲ್ಲಿ ಹಾಕಿದ್ದ ಫೋಟೊ ಆ ಬ್ರಾಡ್‌ವೇ ನಾಟಕದ್ದೇ. ಅದನ್ನು ಎತ್ತಿಕೊಂಡಿದ್ದಾರೆ ಎಂಬುದು ನನಗೆ ಆಮೇಲೆ ತಿಳಿಯಿತು.

ನಾನು, ಮಗಳು, ಅಕ್ಕನ ಮಗ, ಅತ್ತೆ. ಒಂದು ಟಿಕೆಟಿಗೆ 799 ರೂಪಾಯಿ, ನಾಲ್ಕಕ್ಕೆ 3,196. ಫೋನಿನಲ್ಲೇ ಹಣ ಕಳಿಸಿದೆ. ಹಣ ಹೋದದ್ದು ಯಾವ ಸಂಸ್ಥೆಯ ಹೆಸರಿಗೂ ಅಲ್ಲ, ಯಾರೋ ಒಬ್ಬರ ಖಾಸಗಿ ನಂಬರಿಗೆ. ಅಲ್ಲೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಜಾಗವೂ ರಂಗಮಂದಿರವಾಗಿರಲಿಲ್ಲ, ಊರ ಹೊರಗಿನ ಒಂದು ಫಂಕ್ಷನ್ ಹಾಲ್. ನಮ್ಮದೇನು ನಾಟಕ ಕಾಣದ ಊರೇ? ರಂಗಾಯಣದ ಘಟಕ ಇಲ್ಲೇ ಇದೆ. ರಂಗಮಂದಿರಕ್ಕೆ ಇಟ್ಟಿರುವುದು ಸಿನಿಮಾ ಪೋಸ್ಟರಿಗೂ ಕ್ಯಾಲೆಂಡರ್ ಚಿತ್ರಕ್ಕೂ ದೇಶಕ್ಕೇ ಹೆಸರಾದ ಎಸ್.ಎಂ. ಪಂಡಿತರ ಹೆಸರು, ಅವರು ಕಲಬುರಗಿಯವರೇ. ಸರಿಯಾದ ವೇದಿಕೆ ಇರುವ ಊರಿನಲ್ಲಿ ಮದುವೆ ಊಟದ ಹಾಲ್ ಯಾಕೆ ಹಿಡಿದರು ಎಂದು ನಾನು ಕೇಳಿಕೊಳ್ಳಲಿಲ್ಲ.

ಆರು ಗಂಟೆಗೆ ಎಂದದ್ದು ಶುರುವಾಗುವಾಗ ಏಳೂ ಇಪ್ಪತ್ತೈದು. ಮೇ ತಿಂಗಳ ಕಲಬುರಗಿ, ಹೊತ್ತು ಮುಳುಗಿದರೂ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಹಣ ಕೊಟ್ಟ ಅಂಗಡಿಗಳವರಿಗೆ ಶಾಲು, ಹಾರ, ಭಾಷಣ. ನಂತರ ಜಾದೂ. ನಡುವೆ ಸಾಲುಗಳಲ್ಲಿ ಓಡಾಡಿ ಮಕ್ಕಳ ಕೈಗೆ ಪ್ಲಾಸ್ಟಿಕ್ ಸಿಂಹ ಇಟ್ಟು, ಆಮೇಲೆ ತಾಯಂದಿರ ಹತ್ತಿರ 250 ರೂಪಾಯಿ ಕೇಳುತ್ತಿದ್ದರು. ಮಗುವಿನ ಕೈಯಿಂದ ಕಿತ್ತು ವಾಪಸ್ ಕೊಡುವುದು ಯಾವ ತಾಯಿಗೆ ಸುಲಭ?

ಪರದೆ ಸರಿಯಿತು. ಸಿನಿಮಾದ ಮೊದಲ ಹಾಡು ಹಾಲ್ ಒಡೆಯುವಷ್ಟು ಜೋರಾಗಿ ಬಂತು. ಸ್ಪಂಜಿನ ದೊಡ್ಡ ತಲೆ ತೊಟ್ಟ ಐದಾರು ಜನ ವೇದಿಕೆಗೆ ಬಂದು ಕೈ ಬೀಸಿದರು. ತಲೆ ಕುತ್ತಿಗೆಯವರೆಗೂ ಮುಚ್ಚಿತ್ತು. ಸಿಂಹದ ಬಾಯಿ ಅರ್ಧ ತೆರೆದಂತೆ ಹೊಲಿದುಬಿಟ್ಟಿದ್ದರು, ಕೆಂಪು ಬಟ್ಟೆಯ ನಾಲಿಗೆ ಒಂದು ಕಡೆ ಬಿಚ್ಚಿ ಜೋತಾಡುತ್ತಿತ್ತು. ಹಾಡು ಏರಿತು, ಇಳಿಯಿತು. ಆ ನಾಲಿಗೆ ಬಿಟ್ಟು ಬೇರೇನೂ ಅಲುಗಲಿಲ್ಲ.

ನಮ್ಮ ಅತ್ತೆ ಕಂಪನಿ ನಾಟಕ ನೋಡಿ ಬೆಳೆದವರು. ಶರಣಬಸವೇಶ್ವರ ಜಾತ್ರೆಗೆ ಕಂಪನಿ ಬಂದರೆ ತವರಿನಿಂದ ಗಾಡಿ ಕಟ್ಟಿಕೊಂಡು ಬಂದು ರಾತ್ರಿಯಿಡೀ ಕೂರುತ್ತಿದ್ದರಂತೆ. ಅವರು ವೇದಿಕೆಯ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ನನ್ನ ಮೊಣಕೈ ಹಿಡಿದು ಕೇಳಿದರು: "ಪೇಟಿ ಮಾಸ್ತರ ಎಲ್ಲಿ ಕೂತಿದ್ದಾನವ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಅಕ್ಕನ ಮಗ ಹೇಳಿದ: "ಚಿಕ್ಕಮ್ಮಾ, ಇದು ನಮ್ಮ ಫೋನಿನಲ್ಲಿರುವ ಹಾಡೇ. ಯಾರೂ ಹಾಡುತ್ತಿಲ್ಲ."

ಆ ಸಂಜೆ ಕೊನೆಯವರೆಗೂ ಒಬ್ಬರೂ ಹಾಡಲಿಲ್ಲ. ಮಾತು ಕೂಡ ಮುದ್ರಿಸಿದ್ದೇ. ಒಂದು ಕಡೆ ಧ್ವನಿ ಸಿಕ್ಕಿಹಾಕಿಕೊಂಡು ಒಂದೇ ಪದವನ್ನು ನಾಲ್ಕು ಸಲ ಹೇಳಿತು, ವೇದಿಕೆಯ ಮೇಲಿನ ಸಿಂಹ ಎತ್ತಿದ ಕೈ ಎತ್ತಿದ ಹಾಗೆಯೇ ನಿಂತಿತ್ತು. ಸಂಗೀತ ನಾಟಕದಲ್ಲಿ ಬೇರೆ ಯಾವ ಕೊರತೆಯನ್ನಾದರೂ ಸಹಿಸಬಹುದು. ರಂಗಸಜ್ಜಿಕೆ ಇಲ್ಲದಿದ್ದರೆ ಬೇಡ, ದೀಪ ಕಡಿಮೆಯಾದರೆ ಆಗಲಿ. ಕಣ್ಣೆದುರು ಒಬ್ಬ ಮನುಷ್ಯ ಬಾಯಿ ತೆರೆದು ಹಾಡಬೇಕು. ಶ್ರುತಿ ತಪ್ಪಿದರೂ ನಾನು ಚಪ್ಪಾಳೆ ಹೊಡೆಯುತ್ತಿದ್ದೆ.

ಕಾಡುಪ್ರಾಣಿಗಳ ಹಿಂಡು ನುಗ್ಗಿ ಮುಫಾಸಾ ಸಾಯುವ ದೃಶ್ಯವನ್ನು ಬ್ರಾಡ್‌ವೇಯಲ್ಲಿ ಹೇಗೆ ಮಾಡಿದ್ದಾರೆ ಗೊತ್ತೇ? ದೂರದಲ್ಲಿ ಉರುಳೆಗಳ ಮೇಲೆ ಸಣ್ಣ ಪ್ರಾಣಿಗಳ ಸಾಲು ತಿರುಗುತ್ತದೆ, ಹತ್ತಿರ ಬಂದಂತೆ ಮುಖವಾಡಗಳು ದೊಡ್ಡದಾಗುತ್ತವೆ, ಕೊನೆಗೆ ನರ್ತಕರೇ ನುಗ್ಗಿ ಬರುತ್ತಾರೆ. ಯಂತ್ರದ ಆಡಂಬರಕ್ಕಿಂತ ಬುದ್ಧಿ ಹೆಚ್ಚು ಕೆಲಸ ಮಾಡಿದೆ. ಇಲ್ಲಿ ಆ ದೃಶ್ಯ ಬಂದಾಗ ಹಿಂದಿನ ಪರದೆಯ ಮೇಲೆ ಸಿನಿಮಾದ ತುಣುಕನ್ನೇ ಓಡಿಸಿದರು. ಎರಡೂ ಬದಿಯಿಂದ ಹೊಗೆಯ ಯಂತ್ರ ಬಿಟ್ಟರು. ಕಿಟಕಿ ಮುಚ್ಚಿದ ಹಾಲಿನಲ್ಲಿ ಹೊಗೆ ಎಲ್ಲಿಗೆ ಹೋಗಬೇಕು? ಮುಂದಿನ ಸಾಲುಗಳ ಮಕ್ಕಳು ಕೆಮ್ಮತೊಡಗಿದರು. ಮಿಣುಕು ದೀಪಗಳಿಗೆ ಮಗಳು ಕಣ್ಣು ಮುಚ್ಚಿ ನನ್ನ ಸೆರಗಿನಲ್ಲಿ ಮುಖ ಹುದುಗಿಸಿದಳು. ಅವಳನ್ನು ಎತ್ತಿಕೊಂಡು ಹಿಂದಿನ ಬಾಗಿಲಿಗೆ ಹೋದರೆ ಹೊರಗಿನಿಂದ ಬೀಗ. ಟಿಕೆಟ್ ಇಲ್ಲದವರು ನುಗ್ಗಬಾರದೆಂದು ಹಾಕಿದ್ದೇವೆ ಎಂದರು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರಲ್ಲಿ 59 ಜನ ಸತ್ತದ್ದು ಹೊಗೆ ತುಂಬಿದಾಗ ಹೊರಬರುವ ದಾರಿ ಸಿಗದೆ. ನನಗೆ ಆ ಕ್ಷಣ ಅದೇ ನೆನಪಾಯಿತು, ಕಾಲು ನಡುಗಿತು. ಉಳಿದ ಎಲ್ಲವನ್ನೂ ಕ್ಷಮಿಸಿದರೂ ಆ ಬೀಗವನ್ನು ನಾನು ಕ್ಷಮಿಸಲಾರೆ.

ಜಾದೂ, ಶಾಲು ಕಳೆದರೆ ನಾಟಕ ನಲವತ್ತು ನಿಮಿಷವೂ ಇರಲಿಲ್ಲ. ಮೂಲ ನಾಟಕ ಮಧ್ಯಂತರ ಸೇರಿ ಸುಮಾರು ಎರಡೂವರೆ ತಾಸು.

ವೇದಿಕೆಯ ಮೇಲಿದ್ದವರನ್ನು ದಯವಿಟ್ಟು ಯಾರೂ ಬೈಯಬೇಡಿ. ಹೊರಗೆ ನೀರಿನ ಡ್ರಮ್ಮಿನ ಹತ್ತಿರ ಸಿಂಹದ ವೇಷದವನು ಕುಸಿದು ಕೂತಿದ್ದ. ಹದಿನೆಂಟು, ಹತ್ತೊಂಬತ್ತು ವರ್ಷವಿರಬಹುದು. ತಲೆ ಪಕ್ಕಕ್ಕಿಟ್ಟಿದ್ದ, ಅದರ ಒಳಗಿನ ಸ್ಪಂಜು ಹಿಂಡಿದರೆ ನೀರು ಬರುವಷ್ಟು ಬೆವರಿನಿಂದ ತೊಯ್ದಿತ್ತು. ಅತ್ತೆ ತಮ್ಮ ಬಾಟಲಿಯ ನೀರನ್ನು ಅವನ ನೆತ್ತಿಗೆ ಸುರಿದು, ಉಳಿದದ್ದನ್ನು ಕುಡಿಸಿದರು. "ನಿನಗೆ ಹಾಡಲು ಬರುತ್ತದೇನಪ್ಪಾ?" ಎಂದು ಕೇಳಿದರು. "ಬರುತ್ತದೆ ಆಯಿ. ಭಜನೆಗೆ ಹೋಗುತ್ತೇನೆ. ಇಲ್ಲಿ ಹಾಡಲು ಬಿಡುವುದಿಲ್ಲ" ಎಂದ. ಒಂದು ಆಟಕ್ಕೆ 400 ರೂಪಾಯಿ ಕೊಡುತ್ತಾರಂತೆ, ಹಿಂದಿನ ಎರಡು ಆಟದ್ದು ಇನ್ನೂ ಬಂದಿಲ್ಲವಂತೆ. ಹಾಡಬಲ್ಲ ಹುಡುಗನ ಬಾಯಿಗೆ ಸ್ಪಂಜು ಮುಚ್ಚಿ ‘ಲೈವ್’ ಎಂದು ಟಿಕೆಟ್ ಮಾರಿದ್ದಾರಲ್ಲ ಎಂದು ನನಗೆ ಈಗಲೂ ಉರಿಯುತ್ತದೆ.

ಹಣ ವಾಪಸ್ ಕೇಳಿದ್ದಕ್ಕೆ ಕೌಂಟರಿನವರು "ನಾವು ಟಿಕೆಟ್ ಹರಿಯುವವರು ಮಾತ್ರ" ಎಂದರು. ಪೋಸ್ಟರಿನ ನಂಬರು ಮರುದಿನದಿಂದ ಸ್ವಿಚ್ ಆಫ್.

ಹಾಗಾಗಿ ಬೀದರಿನವರೇ, ಹಣ ಕಳಿಸುವ ಮೊದಲು ಒಂದು ಫೋನ್ ಮಾಡಿ. ವೇದಿಕೆಯ ಮೇಲೆ ಹಾಡುವವರು ಯಾರು, ಅವರ ಹೆಸರೇನು ಎಂದು ಕೇಳಿ. ವಾದ್ಯ ಮುದ್ರಿಸಿದ್ದಾದರೆ ತಪ್ಪಿಲ್ಲ, ಕಂಠ ಯಾರದು ಎಂಬುದೇ ಮುಖ್ಯ. ನಾಟಕವೇ ಎಷ್ಟು ಹೊತ್ತು, ಆಯೋಜಕರ ಹೆಸರು ವಿಳಾಸ ಟಿಕೆಟಿನ ಮೇಲೆ ಇದೆಯೇ ಎಂದೂ ಕೇಳಿ. ಪ್ರದರ್ಶನದ ಹಕ್ಕು ಯಾರಿಂದ ಪಡೆದಿದ್ದೀರಿ ಎಂದು ಕೇಳಲು ಸಂಕೋಚ ಬೇಡ. ಈ ನಾಟಕಕ್ಕೆ ಶಾಲಾ ಮಕ್ಕಳಿಗೆಂದೇ 60 ನಿಮಿಷದ ಒಂದು, 30 ನಿಮಿಷದ ಒಂದು ಚಿಕ್ಕ ರೂಪ ಇವೆ. ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಅವುಗಳಿಗೆ ಪರವಾನಗಿ ಕೊಡುತ್ತದೆ. ಅಲ್ಲಿ ವಾದ್ಯ ಮುದ್ರಿತವಾದರೂ ಹಾಡುವುದು ಮಕ್ಕಳೇ. ಇದನ್ನು ಓದಿ ಯಾವ ಶಿಕ್ಷಕರೂ ಹೆದರಬೇಕಿಲ್ಲ. ಶಾಲೆಯ ಚಟುವಟಿಕೆಯಾಗಿ ಮಕ್ಕಳು, ಶಿಕ್ಷಕರು ನಾಟಕ ಆಡಿ, ಪಾಲಕರು ಮತ್ತು ಶಾಲೆಯವರಷ್ಟೇ ಕೂತು ನೋಡಿದರೆ 1957ರ ಕೃತಿಸ್ವಾಮ್ಯ ಕಾಯ್ದೆ ಅದಕ್ಕೆ ವಿನಾಯಿತಿ ಕೊಟ್ಟಿದೆ. ಊರಿಗೆಲ್ಲ ಪೋಸ್ಟರ್ ಹಚ್ಚಿ 799 ರೂಪಾಯಿ ವಸೂಲು ಮಾಡುವುದು ಬೇರೆಯೇ ಮಾತು.

ಹೋಗಲೇಬೇಕೆಂದಿದ್ದರೆ ಒಳಗೆ ಕೂರುವ ಮೊದಲು ಎಲ್ಲ ಬಾಗಿಲುಗಳನ್ನೂ ಒಮ್ಮೆ ತಳ್ಳಿ ನೋಡಿ. ಬೀಗ ಇದ್ದರೆ ತೆಗೆಸಿ, ತೆಗೆಯದಿದ್ದರೆ ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ.

ಕಲಬುರಗಿಯಲ್ಲಿ ನನ್ನ ಹಾಗೆ ಮೋಸ ಹೋದವರಿಗೆ ಒಂದು ಮಾತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ನಾನು ದೂರು ಬರೆಸಿದ್ದೇನೆ. ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬಹುದು, ನಾವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಒಂದೇ ಅನ್ಯಾಯಕ್ಕೆ ಒಳಗಾದ ಹಲವರು ಆಯೋಗದ ಅನುಮತಿ ಪಡೆದು ಒಟ್ಟಿಗೆ ದೂರು ಕೊಡಲೂ ಅವಕಾಶವಿದೆ. ನನ್ನ ಹತ್ತಿರ ಪೋಸ್ಟರಿನ ಫೋಟೊ, ಹಣ ಕಳಿಸಿದ ದಾಖಲೆ, ಬೀಗ ಹಾಕಿದ ಬಾಗಿಲಿನ ಒಂದು ಚಿತ್ರ ಇವೆ. ನಾವು ಕೂತದ್ದು ಎಫ್ ಸಾಲು, 11ರಿಂದ 14. ಆ ಸಂಜೆ ನೀವೂ ಅಲ್ಲಿದ್ದರೆ ಟಿಕೆಟಿನ ಚೂರನ್ನು ಎಸೆಯಬೇಡಿ, ನನಗೆ ತಿಳಿಸಿ.