ಊರಿನ ಹಳೆ ಟಿವಿಗೆ ನಾಲ್ಕು ದಾರಿ: ಲ್ಯಾಪ್‌ಟಾಪ್, ಕಾಸ್ಟ್ ಬಿಲ್ಲೆ, ಪೆಟ್ಟಿಗೆ, ಕಡ್ಡಿ

ಸಾಗರದ ಹತ್ತಿರ ಇರುವ ನಮ್ಮ ಮನೆಯ ಟಿವಿಗೆ ಹತ್ತು ವರ್ಷ ದಾಟಿದೆ. 32 ಇಂಚು, ಸ್ಮಾರ್ಟ್ ಅಲ್ಲ, ಆದರೆ ಚಿತ್ರ ಇನ್ನೂ ಚೆನ್ನಾಗಿಯೇ ಬರುತ್ತದೆ. ಮನೆಗೆ ಫೈಬರ್ ಇಂಟರ್‌ನೆಟ್ ಬಂದ ಮೇಲೆ ಅಮ್ಮನಿಗೆ ಒಂದೇ ಆಸೆ. ಯೂಟ್ಯೂಬಿನ ತಾಳಮದ್ದಳೆ ದೊಡ್ಡ ಪರದೆಯಲ್ಲಿ ಬರಬೇಕು. ಅಪ್ಪನಿಗೆ ಕ್ರಿಕೆಟ್, ಆಮೇಲೆ ಹಳೆ ಸಿನಿಮಾ. ಹೊಸ ಟಿವಿ ತರೋಣ ಅಂದೆ. "ಇದಕ್ಕೇನಾಗಿದೆ?" ಅಂತ ಅಪ್ಪ ಕೇಳಿದರು. ಉತ್ತರ ಇರಲಿಲ್ಲ.

ಹಾಗಾಗಿ ಸುಮಾರು ಒಂದೂವರೆ ವರ್ಷದಲ್ಲಿ ನಾಲ್ಕು ದಾರಿ ಹಿಡಿದು ನೋಡಿದೆ. ಇಂಥ ಹೋಲಿಕೆಗಳಲ್ಲಿ ಸಾಮಾನ್ಯವಾಗಿ ರ‍್ಯಾಮ್ ಎಷ್ಟು, 4ಕೆ ಇದೆಯಾ ಅಂತ ನೋಡುತ್ತಾರೆ. ನನ್ನ ಅಳತೆಗೋಲು ಬೇರೆ. ನಾನು ಬೆಂಗಳೂರಿಗೆ ವಾಪಸಾದ ಮೇಲೆ ವಾರಕ್ಕೆ ಎಷ್ಟು ಸಲ "ಟಿವಿ ಬರ್ತಾ ಇಲ್ಲ ಮಾರಾಯ" ಅಂತ ಫೋನ್ ಬರುತ್ತದೆ? ಅಷ್ಟೇ.

ಮೊದಲನೆಯದು ಲ್ಯಾಪ್‌ಟಾಪ್ ಮತ್ತು ಒಂದು ಎಚ್‌ಡಿಎಂಐ ಕೇಬಲ್, ಅಂದರೆ ಚಿತ್ರ, ಧ್ವನಿ ಎರಡನ್ನೂ ಟಿವಿಗೆ ಒಯ್ಯುವ ತಂತಿ. ಖರ್ಚು ಕೇಬಲ್ಲಿನದು ಮಾತ್ರ. ಖಾತೆ ತೆರೆಯುವುದು, ಕೋಡ್ ಹಾಕುವುದು ಏನೂ ಇಲ್ಲ. ಬ್ರೌಸರಿನಲ್ಲಿ ಬರುವುದೆಲ್ಲ ಟಿವಿಯಲ್ಲೂ ಬರುತ್ತದೆ. ಚಿತ್ರ ಟಿವಿಯಲ್ಲಿ ಬಂದು ಧ್ವನಿ ಮಾತ್ರ ಲ್ಯಾಪ್‌ಟಾಪಿನಲ್ಲೇ ಕೇಳಿದರೆ ಹೆದರಬೇಡಿ, ಸೌಂಡ್ ಸೆಟ್ಟಿಂಗಿನಲ್ಲಿ ಔಟ್‌ಪುಟ್ ಬದಲಿಸಿದರೆ ಆಯಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ಯುಎಸ್‌ಬಿ-ಸಿ ಮಾತ್ರ ಇದ್ದರೆ ಒಂದು ಅಡಾಪ್ಟರ್ ಬೇಕು. ಎಲ್ಲ ಸಿ ಪೋರ್ಟುಗಳೂ ವಿಡಿಯೊ ಹೊರಡಿಸುವುದಿಲ್ಲ, ಅಡಾಪ್ಟರ್ ಕೊಳ್ಳುವ ಮುಂಚೆ ಅದನ್ನು ನೋಡಿಕೊಳ್ಳಿ. ಇದರ ಬಗ್ಗೆ ಇಷ್ಟು ಸಾಕು. ಯಾಕೆಂದರೆ ನಾನು ಹೊರಟ ದಿನ ಲ್ಯಾಪ್‌ಟಾಪೂ ನನ್ನ ಜೊತೆ ಹೊರಟಿತು. ಫೋನ್ ಕರೆ ಸೊನ್ನೆ, ತಾಳಮದ್ದಳೆಯೂ ಸೊನ್ನೆ.

ಎರಡನೆಯದು ಕಾಸ್ಟ್ ಬಿಲ್ಲೆ. ಟಿವಿಯ ಎಚ್‌ಡಿಎಂಐಗೆ ಸಿಕ್ಕಿಸಿ, ರಿಮೋಟ್ ಇಲ್ಲದೆ, ಫೋನಿನಿಂದಲೇ ನಡೆಸುವ ಸಾಧನ. ಗೂಗಲ್ 2013ರಲ್ಲಿ 35 ಡಾಲರಿಗೆ ಕ್ರೋಮ್‌ಕಾಸ್ಟ್ ತಂದ ಮೇಲೆ ಈ ರೀತಿ ಜನಪ್ರಿಯವಾಯಿತು. 2024ರಲ್ಲಿ ಕಂಪನಿ ಆ ಹೆಸರಿನ ಸಾಧನಗಳ ತಯಾರಿಕೆ ನಿಲ್ಲಿಸಿತು. ನಮಗೆ ಸಿಕ್ಕಿದ್ದು ಗೆಳೆಯನ ಮನೆಯ ಡ್ರಾಯರಿನಲ್ಲಿ ಬಿದ್ದಿದ್ದ ಒಂದು ಹಳೆ ಬಿಲ್ಲೆ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಕಾಸ್ಟ್ ಬೇರೆ, ಮಿರರಿಂಗ್ ಬೇರೆ. ಮಿರರಿಂಗ್ ಅಂದರೆ ಫೋನಿನ ಪರದೆ ಇದ್ದ ಹಾಗೆಯೇ ಟಿವಿಗೆ ಹೋಗುತ್ತದೆ. ವಾಟ್ಸಾಪ್ ಮೆಸೇಜ್ ಬಂದರೆ ಮನೆಮಂದಿಯೆಲ್ಲ ಓದಬಹುದು, ಬ್ಯಾಟರಿಯೂ ಬೇಗ ಖಾಲಿ. ಕಾಸ್ಟ್ ಮಾಡಿದಾಗ ಫೋನು ಬರೀ ವಿಳಾಸ ಹೇಳುತ್ತದೆ. ವಿಡಿಯೊವನ್ನು ಬಿಲ್ಲೆಯೇ ನೇರವಾಗಿ ಇಂಟರ್‌ನೆಟ್ಟಿನಿಂದ ಎಳೆದುಕೊಳ್ಳುತ್ತದೆ. ಫೋನ್ ಜೇಬಿಗೆ ಹಾಕಿಕೊಂಡರೂ ಹಾಡು ನಿಲ್ಲುವುದಿಲ್ಲ.

ನಿಲ್ಲುವುದಿಲ್ಲ ಅನ್ನುವುದೇ ನಮ್ಮ ಮನೆಯಲ್ಲಿ ತೊಂದರೆಯಾಯಿತು. ಅಮ್ಮನದು ಗುಂಡಿ ಫೋನು. ಮನೆಯಲ್ಲಿದ್ದ ಸ್ಮಾರ್ಟ್‌ಫೋನ್ ಅಪ್ಪನದೊಂದೇ. ಒಂದು ದಿನ ಅಪ್ಪ ತಾಳಮದ್ದಳೆ ಹಚ್ಚಿಕೊಟ್ಟು ಪೇಟೆಗೆ ಹೋದರು. ಭೀಷ್ಮಾರ್ಜುನ ಮುಗಿಯಿತು, ಇನ್ನೊಂದು ತಾನಾಗಿ ಶುರುವಾಯಿತು, ಅದೂ ಮುಗಿದು ಇನ್ನೊಂದು. ಬಾಗಿಲಲ್ಲಿ ಯಾರೋ ಕರೆದರೂ ಕೇಳಿಸುತ್ತಿಲ್ಲ, ಅರ್ಥಧಾರಿಯನ್ನು ಸುಮ್ಮನಿರಿಸುವುದೂ ಗೊತ್ತಿಲ್ಲ. ಕೊನೆಗೆ ಅಮ್ಮ ಪ್ಲಗ್ ಕಿತ್ತರು. ತಪ್ಪು ಬಿಲ್ಲೆಯದಲ್ಲ, ಒಂದೇ ಸ್ಮಾರ್ಟ್‌ಫೋನ್ ಇರುವ ಮನೆಗೆ ಅದನ್ನು ತಂದ ನನ್ನದು. ಎಲ್ಲರ ಕೈಯಲ್ಲೂ ಫೋನ್ ಇರುವ ಬೆಂಗಳೂರಿನ ಮನೆಯಲ್ಲಿ ನಾನು ಈಗಲೂ ಕಾಸ್ಟ್ ಮಾಡಿಯೇ ನೋಡುವುದು. ಕನ್ನಡದಲ್ಲಿ ಟೈಪ್ ಮಾಡಿ ಹುಡುಕುವುದಕ್ಕೆ ಫೋನಿನಷ್ಟು ಸುಲಭ ಯಾವ ರಿಮೋಟೂ ಅಲ್ಲ. ಊರಿನಲ್ಲಿ ಮಾತ್ರ ವಾರಕ್ಕೆ ನಾಲ್ಕು ಕರೆ.

ಮೂರನೆಯದು ಪೆಟ್ಟಿಗೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ದುಡ್ಡು ಹೋಗಿದ್ದು ಇಲ್ಲಿ. ಅಗ್ಗದ ಆಂಡ್ರಾಯ್ಡ್ ಬಾಕ್ಸ್, ಹೆಸರು ಬೇಡ. ಮೇಲೆ ದೊಡ್ಡದಾಗಿ 4ಕೆ, 8ಕೆ ಅಂತೆಲ್ಲ ಬರೆದಿತ್ತು. ನಮ್ಮ ಟಿವಿಯೇ 4ಕೆ ಅಲ್ಲ, ಅದನ್ನು ನೋಡಿ ಮರುಳಾದೆ ಯಾಕೋ. ಒಂದು ಒಳ್ಳೆಯ ಗುಣ ಇತ್ತು, ಈಥರ್ನೆಟ್ ಕೇಬಲ್ ಸಿಕ್ಕಿಸುವ ಜಾಗ. ನಮ್ಮದು ಮಣ್ಣಿನ ಗೋಡೆಯ ಹಳೆ ಮನೆ, ಗೋಡೆ ಒಂದೂವರೆ ಅಡಿ ದಪ್ಪ. ವೈಫೈಯ 5 ಗಿಗಾಹರ್ಟ್ಸ್ ಅಲೆ ವೇಗದ್ದು, ಆದರೆ ಗೋಡೆ ದಾಟುವುದರಲ್ಲಿ ಹಿಂದೆ. 2.4 ನಿಧಾನ, ಆದರೆ ದೂರ ಹೋಗುತ್ತದೆ. ಕೇಬಲ್ ಎಳೆದರೆ ಈ ರಗಳೆಯೇ ಇಲ್ಲ.

ಯೂಟ್ಯೂಬ್ ಚೆನ್ನಾಗಿ ಬಂತು. ದುಡ್ಡು ಕಟ್ಟಿದ ಸಿನಿಮಾ ಆ್ಯಪ್ ಹಾಕಿದರೆ ಚಿತ್ರ ಮಂಜು ಮಂಜು. ನೆಟ್ ಸ್ಪೀಡ್ ಅಂದುಕೊಂಡು ಎರಡು ದಿನ ರೂಟರ್ ಜೊತೆ ಗುದ್ದಾಡಿದೆ. ಆಮೇಲೆ ಗೊತ್ತಾಯಿತು, ವಿಷಯ ವೈಡ್‌ವೈನ್ ಅಂತ. ಇದು ವಿಡಿಯೊ ಕದಿಯದಂತೆ ಹಾಕುವ ಗೂಗಲ್‌ನ ಬೀಗ. ಅದರಲ್ಲಿ ಎಲ್1, ಎಲ್3 ಎಂಬ ಹಂತಗಳಿವೆ. ಬೀಗ ತೆಗೆಯುವ ಕೆಲಸ ಚಿಪ್ಪಿನೊಳಗಿನ ಸುರಕ್ಷಿತ ಜಾಗದಲ್ಲೇ ನಡೆದರೆ ಎಲ್1. ಬರೀ ಸಾಫ್ಟ್‌ವೇರಿನಲ್ಲಿ ನಡೆದರೆ ಎಲ್3. ಎಲ್3 ಇರುವ ಸಾಧನಕ್ಕೆ ನೆಟ್‌ಫ್ಲಿಕ್ಸಿನಂಥ ಆ್ಯಪುಗಳು ಎಚ್‌ಡಿ ಕೊಡುವುದಿಲ್ಲ. ಡಬ್ಬದ ಮೇಲೆ ಎಷ್ಟೇ ಕೆ ಬರೆದಿರಲಿ, ಒಳಗೆ ಬರುವುದು ಮಸುಕು ಚಿತ್ರ.

ಇನ್ನೊಂದು ಮೋಸ, ಅದರಲ್ಲಿದ್ದದ್ದು ಟಿವಿಗೆಂದು ಮಾಡಿದ ಆಂಡ್ರಾಯ್ಡ್ ಟಿವಿ ಅಲ್ಲ, ಫೋನಿನ ಆಂಡ್ರಾಯ್ಡ್. ರಿಮೋಟಿನಿಂದ ಪರದೆ ಮೇಲೆ ಮೌಸಿನ ಬಾಣ ಓಡಿಸಬೇಕು. ಅಮ್ಮ ಅದನ್ನು ಮುಟ್ಟಲೇ ಇಲ್ಲ. ಹೆದರಿಕೆಯ ಸಂಗತಿಯೂ ಇದೆ. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಒಂದು ಎಚ್ಚರಿಕೆ ಹೊರಡಿಸಿತು. ಹೆಸರಿಲ್ಲದ ಇಂಥ ಸ್ಟ್ರೀಮಿಂಗ್ ಪೆಟ್ಟಿಗೆಗಳಲ್ಲಿ ಕೆಲವು ಕೊಳ್ಳುವ ಮೊದಲೇ ಕೆಟ್ಟ ಸಾಫ್ಟ್‌ವೇರ್ ತುಂಬಿಕೊಂಡು ಬರುತ್ತವೆ, ಮನೆಯ ನೆಟ್ಟನ್ನು ಕಳ್ಳರ ದಾರಿಯಾಗಿ ಬಳಸುತ್ತವೆ ಅಂತ. ಆ ಜಾಲಕ್ಕೆ ಬ್ಯಾಡ್‌ಬಾಕ್ಸ್ 2.0 ಅಂತ ಹೆಸರು. ನಮ್ಮದು ಅಂಥದ್ದು ಅನ್ನುತ್ತಿಲ್ಲ. ಆದರೆ ಅದನ್ನು ಓದಿದ ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿ ಪೆಟ್ಟಿಗೆ ಕಳಚಿಸಿದೆ. ಇಲ್ಲಿ ಕರೆ ಹೋಗಿದ್ದು ನನ್ನ ಕಡೆಯಿಂದ! ಪೆಟ್ಟಿಗೆಗಳೆಲ್ಲ ಹೀಗಲ್ಲ. ಆಂಡ್ರಾಯ್ಡ್ ಟಿವಿ ಅಥವಾ ಗೂಗಲ್ ಟಿವಿ (ಎರಡೂ ಟಿವಿಗೆಂದೇ ಗೂಗಲ್ ಮಾಡಿದ ಸಾಫ್ಟ್‌ವೇರ್) ಅಂತ ಪರವಾನಗಿ ಪಡೆದು ಮಾಡಿದ ಪೆಟ್ಟಿಗೆ ಬೇರೆಯೇ ಮಾಲು.

ಕೊನೆಗೆ ಕಡ್ಡಿ, ಅಂದರೆ ಟಿವಿಯ ಎಚ್‌ಡಿಎಂಐಗೆ ಸಿಕ್ಕಿಸಿ ಅದರದೇ ರಿಮೋಟಿನಿಂದ ನಡೆಸುವ ಸ್ಟ್ರೀಮಿಂಗ್ ಸ್ಟಿಕ್. ಇಲ್ಲಿ ಎರಡು ಮನೆತನ ಅನ್ನಬಹುದು. ಒಂದು ಅಮೆಜಾನಿನ ಫೈರ್ ಟಿವಿ ಸ್ಟಿಕ್, ಭಾರತಕ್ಕೆ 2017ರಲ್ಲಿ 3,999 ರೂಪಾಯಿಗೆ ಬಂತು. ಇನ್ನೊಂದು ಬೇರೆ ಬೇರೆ ಕಂಪನಿಗಳು ಮಾಡುವ, ಗೂಗಲ್ ಟಿವಿ ಇರುವ ಕಡ್ಡಿಗಳು. 2025ರ ತನಕ ಫೈರ್ ಕಡ್ಡಿಗಳೆಲ್ಲದರ ಒಳಗಿದ್ದದ್ದೂ ಆಂಡ್ರಾಯ್ಡಿನಿಂದ ಕಟ್ಟಿದ ವ್ಯವಸ್ಥೆಯೇ, ಆದರೆ ಪ್ಲೇ ಸ್ಟೋರ್ ಇಲ್ಲ, ಅಮೆಜಾನಿನದೇ ಅಂಗಡಿ. ನಮಗೆ ಬೇಕಾದ ಯೂಟ್ಯೂಬ್, ಸನ್ ನೆಕ್ಸ್ಟ್, ಜೀ5 ಎರಡರಲ್ಲೂ ಸಿಕ್ಕವು. ಒಂದು ಕಾಲದಲ್ಲಿ ಹೀಗಿರಲಿಲ್ಲ. ಅಮೆಜಾನ್, ಗೂಗಲ್ ನಡುವಿನ ಜಗಳದಲ್ಲಿ 2018ರ ಶುರುವಿನಿಂದ 2019ರ ಜುಲೈವರೆಗೆ ಫೈರ್ ಟಿವಿಯಲ್ಲಿ ಯೂಟ್ಯೂಬ್ ಆ್ಯಪ್ಪೇ ಇರಲಿಲ್ಲ. ಆಗ ತಂದಿದ್ದರೆ ಅಮ್ಮನಿಗೆ ಏನು ಹೇಳುತ್ತಿದ್ದೆನೋ.

ಊರಿಗೆ ಫೈರ್ ಕಡ್ಡಿ ಹಾಕಿದೆ. ಬೆಂಗಳೂರಿನ ಮನೆಯಲ್ಲಿ ಗೂಗಲ್ ಟಿವಿಯದು. ಒಂದು ದಸರಾ ರಜೆಯಲ್ಲಿ ಅದಲುಬದಲು ಮಾಡಿ ಹದಿನೈದು ದಿನ ನೋಡಿದೆವು. ನನಗೆ ಗೂಗಲ್ ಟಿವಿ ಹೆಚ್ಚು ಹಿಡಿಸಿತು. ಕಾಸ್ಟ್ ಅದರೊಳಗೇ ಇದೆ, ಆ್ಯಪುಗಳೂ ಜಾಸ್ತಿ. ಅಮ್ಮನಿಗೆ ಹಿಡಿಸಲಿಲ್ಲ. ಕಾರಣ ಕೇಳಿದರೆ "ಗುಂಡಿ ಎಲ್ಲಿದೆ ಅಂತ ಕೈಗೆ ಗೊತ್ತಾಗೋದಿಲ್ಲ" ಅಂದರು. ಅವರು ಕನ್ನಡಕ ಹಾಕಿಕೊಳ್ಳದೆ ಬೆರಳಿನಲ್ಲೇ ರಿಮೋಟ್ ಓದುತ್ತಿದ್ದರು! ಹದಿನೈದು ದಿನದಲ್ಲಿ ಐದು ಸಲ ಕೂಗಿದರು, ಹಳೆಯದನ್ನು ಮತ್ತೆ ಹಾಕಿದ ಮೇಲೆ ಒಂದೂ ಇಲ್ಲ. ಮೊದಲು ಗೂಗಲ್ ಟಿವಿ ಹಾಕಿದ್ದರೆ ಅದಕ್ಕೇ ಒಗ್ಗಿಕೊಳ್ಳುತ್ತಿದ್ದರೇನೋ.

ಯಾವ ಮನೆತನದ್ದಾದರೂ ಸರಿ, ರಿಮೋಟಿನಲ್ಲಿ ಟಿವಿಯ ಪವರ್ ಮತ್ತು ವಾಲ್ಯೂಮ್ ಗುಂಡಿ ಇದೆಯಾ ನೋಡಿ. 2020ರಲ್ಲಿ ಬಂದ ಫೈರ್ ಟಿವಿ ಸ್ಟಿಕ್ ಲೈಟ್‌ನಲ್ಲಿ ಅವು ಇರಲಿಲ್ಲ, ಸ್ವಲ್ಪ ದುಬಾರಿಯ ಮಾದರಿಯಲ್ಲಿ ಇದ್ದವು. ಮನೆಯಲ್ಲಿ ಈಗಾಗಲೇ ಟಿವಿಯದೊಂದು, ಡಿಶ್‌ನದೊಂದು ರಿಮೋಟ್ ಇದೆ. ಮೂರನೆಯದು ಬಂದು ಧ್ವನಿ ಹೆಚ್ಚಿಸಲಾಗದೆ ಕೂತರೆ ಅದು ಸೋಫಾದ ಸಂದಿಗೇ ಹೋಗುವುದು. ಟಿವಿಯ ಸೆಟ್ಟಿಂಗಿನಲ್ಲಿ ಸಿಇಸಿ ಅನ್ನುವುದನ್ನೂ ಆನ್ ಮಾಡಿಡಿ. ಸ್ಯಾಮ್ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್ ಅಂತ ಹೆಸರು ಬೇರೆ, ಕೆಲಸ ಒಂದೇ. ಕಡ್ಡಿಯ ರಿಮೋಟ್ ಒತ್ತಿದರೆ ಟಿವಿ ತಾನೇ ಆ ಇನ್‌ಪುಟ್‌ಗೆ ತಿರುಗುತ್ತದೆ.

ಎಲ್ಲರೂ ಮಾಡುವ ಒಂದು ತಪ್ಪು ನಾನೂ ಮಾಡಿದೆ. ಟಿವಿಯ ಹಿಂದೆಯೇ ಯುಎಸ್‌ಬಿ ತೂತು ಇದೆಯಲ್ಲ ಅಂತ ಕಡ್ಡಿಯ ಕರೆಂಟಿಗೆ ಅದನ್ನೇ ಸಿಕ್ಕಿಸಿದೆ. ಹಳೆ ಟಿವಿಯ ಯುಎಸ್‌ಬಿ 2.0 ಕೊಡುವುದು ಅರ್ಧ ಆಂಪಿಯರ್. ಕಡ್ಡಿ ಕೇಳುವುದು ಒಂದು. ಮೆನುವಿನಲ್ಲಿ ಎಲ್ಲ ಸರಿ, ಸಿನಿಮಾ ಶುರುವಾದ ಐದು ನಿಮಿಷಕ್ಕೆ ಪರದೆ ಕಪ್ಪಾಗಿ ಮತ್ತೆ ಲೋಗೊ. ಮೇಲಾಗಿ ಟಿವಿ ಆರಿಸಿದಾಗೆಲ್ಲ ಕಡ್ಡಿಗೂ ಕರೆಂಟು ಹೋಗಿ, ಪ್ರತಿ ಸಲ ಮೊದಲಿನಿಂದ ಏಳಬೇಕು. ಡಬ್ಬದಲ್ಲಿ ಬಂದ ಅಡಾಪ್ಟರನ್ನೇ ಗೋಡೆಗೆ ಹಾಕಿ, ಮುಗಿಯಿತು. ಜೊತೆಗೆ ಬರುವ ಗೇಣುದ್ದದ ಎಚ್‌ಡಿಎಂಐ ತುಂಡನ್ನೂ ಎಸೆಯಬೇಡಿ. ಕಡ್ಡಿ ಟಿವಿಯ ಬೆನ್ನಿಗೆ ಅಂಟಿ ಕೂತರೆ ವೈಫೈ ಸರಿಯಾಗಿ ಸಿಗುವುದಿಲ್ಲ, ಈ ತುಂಡು ಅದನ್ನು ಸ್ವಲ್ಪ ಹೊರಗೆ ತೂಗುಬಿಡುತ್ತದೆ.

ಊರಿಗೆ ಹೋಗಿ ಸೆಟಪ್ ಮಾಡಲು ರಜೆ ಸಿಗದವರಿಗೆ ಒಂದು ಉಪಾಯ. ನಾನು ಬೆಂಗಳೂರಿನಲ್ಲೇ ನನ್ನ ಫೋನಿನ ಹಾಟ್‌ಸ್ಪಾಟಿಗೆ ಊರಿನ ವೈಫೈಯ ಹೆಸರು, ಊರಿನದೇ ಪಾಸ್‌ವರ್ಡ್ ಕೊಟ್ಟೆ, ದೊಡ್ಡಕ್ಷರ ಚಿಕ್ಕಕ್ಷರ ಸಮೇತ. ಕಡ್ಡಿಯನ್ನು ಅದಕ್ಕೆ ಜೋಡಿಸಿ, ಪರದೆಯಲ್ಲಿ ಬಂದ ಕೋಡನ್ನು ಫೋನಿನಲ್ಲಿ ಹಾಕಿ ಖಾತೆ ತೆರೆದು, ಆ್ಯಪುಗಳನ್ನೆಲ್ಲ ತುಂಬಿ ಕೊರಿಯರ್ ಮಾಡಿದೆ. ಅಪ್ಪ ಟಿವಿಗೆ ಸಿಕ್ಕಿಸಿದರು. ಕಡ್ಡಿ ಇದು ಅದೇ ವೈಫೈ ಅಂದುಕೊಂಡು ತಾನೇ ಸೇರಿಕೊಂಡಿತು. ಬಾಣದ ಗುಂಡಿಯಲ್ಲಿ ಒಂದೊಂದೇ ಅಕ್ಷರ ಹುಡುಕಿ ಪಾಸ್‌ವರ್ಡ್ ಹೊಡೆಸುವ ಒಂದು ಗಂಟೆಯ ಫೋನ್ ಕರೆ ಉಳಿಯಿತು.

ಆದರೆ ಹಾಟ್‌ಸ್ಪಾಟಿನಲ್ಲೇ ಸಿನಿಮಾ ನೋಡುತ್ತೇನೆ ಅಂತ ಹೊರಡಬೇಡಿ. ನೆಟ್‌ಫ್ಲಿಕ್ಸ್ ಹೇಳುವ ಲೆಕ್ಕದಲ್ಲಿ ಎಚ್‌ಡಿಗೆ ಗಂಟೆಗೆ 3 ಜಿಬಿವರೆಗೆ ಹೋಗುತ್ತದೆ. ದಿನಕ್ಕೆ 2 ಜಿಬಿಯ ಪ್ಯಾಕ್ ಇಂಟರ್ವಲ್ ಬರುವ ಮುಂಚೆಯೇ ಖಾಲಿ.

ಈಗ ಊರಿನಲ್ಲಿ ಕಡ್ಡಿಯೇ ಇದೆ. ಡಿಶ್‌ನಿಂದ ಕಡ್ಡಿಗೆ ಸಿಇಸಿ ತಾನೇ ತಿರುಗಿಸುತ್ತದೆ, ಕಡ್ಡಿಯಿಂದ ಡಿಶ್‌ಗೆ ವಾಪಸು ಬರುವುದಕ್ಕೆ ಮಾತ್ರ ಟಿವಿಯ ರಿಮೋಟ್ ಬೇಕು. ಆ ಸೋರ್ಸ್ ಗುಂಡಿಯ ಮೇಲೆ ತಂಗಿಯ ಕೆಂಪು ನೇಲ್ ಪಾಲಿಶ್ ಒಂದು ಚುಕ್ಕಿ ಇಟ್ಟಿದ್ದೇವೆ. ಬಗೆಹರಿಯದ್ದು ಒಂದೇ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದರೆ ಟಿವಿಯೂ ಕಡ್ಡಿಯೂ ಬೇಗ ಏಳುತ್ತವೆ, ಫೈಬರ್ ಡಬ್ಬ ನಿಧಾನ. ಅಷ್ಟರಲ್ಲಿ ಪರದೆ ಮೇಲೆ ನೆಟ್ ಇಲ್ಲ ಅಂತ ಬರುತ್ತದೆ. ಮೊದಲೆಲ್ಲ ಅದಕ್ಕೂ ನನಗೆ ಫೋನ್ ಬರುತ್ತಿತ್ತು. ಈಗ ಅಮ್ಮ ಅಪ್ಪನಿಗೆ ಹೇಳುತ್ತಾರಂತೆ: "ಸುಮ್ನೆ ಕೂತ್ಕೊಳಿ, ಚಾ ಕುಡಿಯೋ ಹೊತ್ತಿಗೆ ಬರ್ತದೆ."